ಬೆರಳಿಗೆ ಸುತ್ತಿದ ಬಟ್ಟೆ

ನಿಟ್ಟೂರಿನ ಆ ನರ್ಸಮ್ಮ ಯಾರ ಮನೆಗೆ ಹೋದರೂ ಮೊದಲು ಕೇಳುತ್ತಿದ್ದುದು, "ರೋಗಿಯ ಬಾಯಿ ನೋಡಿದ್ರಾ?"

ಲಕ್ವ ಹೊಡೆದಿದ್ದ ಅಮ್ಮ ಊಟ ಬಿಟ್ಟಾಗ, ಅವಳಿಗೆ ಬದುಕುವ ಆಸೆಯೇ ಹೋಯಿತೆಂದು ನಾನು ತಿಳಿದಿದ್ದೆ. ನರ್ಸಮ್ಮ ಬಂದು ಅವಳ ತುಟಿ ಸರಿಸಿ ನೋಡಿದರು. ನಾನು ಉಜ್ಜಿದ ಬ್ರಷ್ಷಿಗೆ ಒಸಡೆಲ್ಲ ಹುಣ್ಣಾಗಿತ್ತು.

"ಬ್ರಷ್ ಆಚೆ ಇಡಿ. ಹಳೇ ಹತ್ತಿ ಸೀರೆದು ಒಂದು ತುಂಡು ಕೊಡಿ," ಎಂದರು.

ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆಯನ್ನು ಬೆರಳಿಗೆ ಸುತ್ತಿ ಮೆಲ್ಲಗೆ ಒರೆಸತೊಡಗಿದರು. ಅಮ್ಮ ನೋವಿಗೆ ಆ ಬೆರಳನ್ನೇ ಕಚ್ಚಿಬಿಟ್ಟಳು. ನರ್ಸಮ್ಮ ಕೈ ಎಳೆದುಕೊಳ್ಳಲಿಲ್ಲ.

"ಕಚ್ಚಿ ಅಮ್ಮ, ಪರ್ವಾಗಿಲ್ಲ. ಶಕ್ತಿ ಇನ್ನೂ ಇದ್ಯಲ್ಲ!" ಎಂದು ನಕ್ಕರು.

ದಿನಕ್ಕೆರಡು ಸಲ ಬಂದು ಹಾಗೇ ಒರೆಸಿದರು, ನನಗೂ ಕಲಿಸಿದರು. ಐದನೆಯ ದಿನ ಬೆಳಿಗ್ಗೆ ಅಮ್ಮ ತೊದಲುತ್ತ ನನ್ನನ್ನು ಕೇಳಿದಳು, "ಗಂಜಿ ಆಯ್ತೇನೇ?"