ಬೀಗಿತ್ತಿ ಬಾರದ ಬೀಗರ ಊಟ

ನನಗೆ ಬೀಗಿತ್ತಿ ಬೇಕಿತ್ತು. ಅಳಿಯ ಎಂಥವನು ಸಿಗುತ್ತಾನೋ ಎಂದು ಬೇರೆ ತಾಯಂದಿರು ತಲೆ ಕೆಡಿಸಿಕೊಳ್ಳುತ್ತಿದ್ದರೆ, ನಾನು ಅಳಿಯನ ತಾಯಿ ಎಂಥವಳಿರುತ್ತಾಳೋ ಎಂದು ಯೋಚಿಸುತ್ತಿದ್ದೆ. ಚಿಂತಾಮಣಿ ಕಡೆಯ ನಮ್ಮ ಕೆಂಚಾರ್ಲಹಳ್ಳಿಯ ಸುತ್ತಮುತ್ತ ಯಾರ ಮನೆಯಲ್ಲಿ ಬೀಗರ ಊಟವಾದರೂ ಹಾಡುವುದಕ್ಕೆ ನನ್ನನ್ನೇ ಕರೆಯುತ್ತಿದ್ದರು. ಮದುವೆ ಮುಗಿದ ಮೇಲೆ ಬೀಗರನ್ನು ಕರೆದು ಮಾಂಸದ ಊಟ ಹಾಕುವುದು ನಮ್ಮ ಪದ್ಧತಿ. ಪಂಕ್ತಿಯಲ್ಲಿ ಬೀಗಿತ್ತಿ ಕೂತು ಮುದ್ದೆ ಮುರಿಯುವ ಹೊತ್ತಿಗೆ ಸರಿಯಾಗಿ ನಾವು ನಾಲ್ಕು ಹೆಂಗಸರು ಎದುರಿಗೆ ನಿಂತು ಅವಳನ್ನು ಆಡಿಕೊಂಡು ಹಾಡಲು ಶುರು ಮಾಡುತ್ತಿದ್ದೆವು. ಅವಳ ಮೂಗು, ನಡಿಗೆ, ಸೀರೆಯ ಬಣ್ಣ, ಎಷ್ಟು ಮುದ್ದೆ ನುಂಗಿದಳು ಎಂಬ ಲೆಕ್ಕ, ಯಾವುದನ್ನೂ ಬಿಡುತ್ತಿರಲಿಲ್ಲ. ಗಟ್ಟಿ ಬೀಗಿತ್ತಿಯಾದರೆ ಎಂಜಲು ಕೈಯಲ್ಲೇ ಎದ್ದು ನಿಂತು ನಮಗೇ ತಿರುಗಿಸಿ ಹಾಡುತ್ತಿದ್ದಳು. ಅಲ್ಲಿಂದ ಮುಂದೆ ಗಂಡಿನ ತಾಯಿ, ಹೆಣ್ಣಿನ ತಾಯಿ ಇಬ್ಬರ ನಡುವೆ ಬೆಳೆಯುವ ಸಲಿಗೆಯೇ ಬೇರೆ. ಒಡಹುಟ್ಟಿದವರಿಗೆ ಹೇಳದ್ದನ್ನು ಬೀಗಿತ್ತಿಗೆ ಹೇಳಿಕೊಂಡು ಅತ್ತವರನ್ನು ನಾನು ಕಂಡಿದ್ದೇನೆ. ನನಗಿರುವುದು ಒಬ್ಬಳೇ ಮಗಳು. ಸಿಗುವುದಾದರೆ ಒಬ್ಬಳೇ ಬೀಗಿತ್ತಿ.

ಮಗಳು ತನ್ನ ವಿಷಯ ಹೇಳಿದ್ದು ಹುಳ ಹಣ್ಣಾದ ದಿನ. ರೇಷ್ಮೆ ಸಾಕುವವರಿಗೆ ಗೊತ್ತು, ಹಣ್ಣಾದ ಹುಳವನ್ನು ಆರಿಸಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ದಿನ ಯಾರೂ ಕೈಬಿಟ್ಟು ಏಳುವ ಹಾಗಿಲ್ಲ. ಆ ಕಳ್ಳಿ ಅದನ್ನು ನೋಡಿಕೊಂಡೇ ಚಿಕ್ಕಬಳ್ಳಾಪುರದಿಂದ ಬಂದಿದ್ದಳು. ಅಲ್ಲಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಅವಳ ಕೆಲಸ. ಕಾಲೇಜಿನಲ್ಲಿ ಪಾಠ ಮಾಡುವ ಒಂದು ಹುಡುಗಿಯ ಜೊತೆ ಬಾಡಿಗೆ ಮನೆಯಲ್ಲಿದ್ದಳು.

"ಅಮ್ಮ, ನಂಗೆ ಗಂಡು ನೋಡ್ಬೇಡ. ನಾನೂ ಅವ್ಳೂ ಜೀವನ ಪೂರ್ತಿ ಒಟ್ಟಿಗೇ ಇರ್ತೀವಿ," ಎಂದಳು.

"ಇರ್ರಿ, ಯಾರು ಬೇಡ ಅಂದ್ರು? ಮದುವೆ ಆದ್ಮೇಲೂ ಫ್ರೆಂಡ್ಸು ಫ್ರೆಂಡ್ಸೇ."

"ಫ್ರೆಂಡ್ಸ್ ಅಲ್ಲಮ್ಮ. ಗಂಡ ಹೆಂಡ್ತಿ ಇರ್ತಾರಲ್ಲ, ಹಂಗೆ."

ಆಗ ನಾನು ಅಂದ ಮಾತನ್ನು ಇಲ್ಲಿ ಬರೆಯುವುದಿಲ್ಲ. ತೆಲುಗಿನಲ್ಲಿ ಅಂದೆ; ನಮ್ಮ ಕಡೆ ಬೈಗುಳ ತೆಲುಗಿನಲ್ಲಿ ಬಂದಷ್ಟು ಸಲೀಸಾಗಿ ಕನ್ನಡದಲ್ಲಿ ಬರುವುದಿಲ್ಲ. ಅವಳು ಕಣ್ಣೊರೆಸಿಕೊಳ್ಳುತ್ತಾ ಹುಳ ಆರಿಸುತ್ತಲೇ ಇದ್ದಳು. ಹುಳದ ತಟ್ಟೆಯ ಆ ಬದಿಯಲ್ಲಿ ಕೂತಿದ್ದ ಯಜಮಾನರು ಎಲ್ಲ ಕೇಳಿಸಿಕೊಂಡು, "ನೋಡ್ಕೊಂಡು ಬಿಡ್ರಮ್ಮ, ಹಣ್ಣಾಗದೇ ಇರೋವೂ ಸೇರ್ಕೊಂತಾವೆ," ಎಂದರು. ಅಷ್ಟೇ ಅವರ ಅಭಿಪ್ರಾಯ.

ನಾನೇನು ದೊಡ್ಡ ಮನಸ್ಸಿನವಳಲ್ಲ. ಐದು ತಿಂಗಳು ಮಗಳ ಜೊತೆ ನೆಟ್ಟಗೆ ಮಾತಾಡಲಿಲ್ಲ. ಕೊನೆಗೊಂದು ದಿನ ಇವಳನ್ನು ಎಳೆದುಕೊಂಡೇ ಬರುತ್ತೇನೆ ಎಂದು ರೇಗಿಕೊಂಡು ಬಸ್ಸು ಹತ್ತಿದೆ. ಶಿಡ್ಲಘಟ್ಟ ದಾಟುವ ತನಕ ಬೈಗುಳಗಳನ್ನು ಒಂದೊಂದಾಗಿ ಜೋಡಿಸಿಕೊಂಡೆ. ಅವರ ಮನೆಯ ಮೆಟ್ಟಿಲು ಹತ್ತುವಾಗಲೇ ಒಳಗಿನಿಂದ ಜೋರು ಜಗಳ ಕೇಳಿಸಿತು.

"ಗ್ಯಾಸ್ ಬುಕ್ ಮಾಡ್ತೀನಿ ಅಂದಿದ್ದು ನೀನೇ."

"ನಾನಾ? ಯಾವಾಗ ಅಂದೆ? ಎಲ್ಲಾದಕ್ಕೂ ನಾನೇ ಸಿಗೋದು ನಿಂಗೆ."

ಬಾಗಿಲು ತೆರೆದೇ ಇತ್ತು. ಆ ಹುಡುಗಿ ಮುಖ ಊದಿಸಿಕೊಂಡು ನೆಲದ ಮೇಲೆ ಕೂತು ಅವರೆಕಾಳು ಹಿಸುಕುತ್ತಿದ್ದಳು. ನನ್ನ ಮಗಳು ಒಂದಷ್ಟು ಹೊತ್ತು ಗೋಡೆ ನೋಡಿಕೊಂಡು ನಿಂತಿದ್ದು, ಆಮೇಲೆ ಬಂದು ಕೂತು ಅದೇ ಬಟ್ಟಲಿಗೆ ಕೈ ಹಾಕಿದಳು. ನಾನು ಹೊಸಿಲಲ್ಲೇ ನಿಂತುಬಿಟ್ಟೆ. ಇಷ್ಟು ವರ್ಷ ನಾನೂ ಯಜಮಾನರೂ ಆಡಿಕೊಂಡು ಬಂದ ಜಗಳ ಇದೇ, ಮುಗಿಯುತ್ತಿದ್ದದ್ದೂ ಹೀಗೇ. ಬರೀ ಸ್ನೇಹಿತರು ಇಂಥ ಕೆಲಸಕ್ಕೆ ಬಾರದ ವಿಷಯಕ್ಕೆ ಇಷ್ಟು ಹೊಟ್ಟೆ ಉರಿಸಿಕೊಳ್ಳುವುದಿಲ್ಲ. ಎಳೆದುಕೊಂಡು ಹೋಗಲು ಬಂದವಳು ಚಪ್ಪಲಿ ಬಿಟ್ಟು ಒಳಗೆ ಹೋಗಿ ನಾನೂ ಕಾಳು ಹಿಸುಕಿದೆ. ಆ ಹುಡುಗಿ ನನ್ನನ್ನು ಆಂಟಿ ಎಂದಳು. ಆ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ, ಆದರೂ ತಡೆದುಕೊಂಡೆ.

ಯಜಮಾನರನ್ನು ಒಲಿಸಿಕೊಂಡದ್ದು ರಾಜಕೀಯ. ನಮ್ಮ ಮನೆಯಲ್ಲಿ ವೋಟು ಎಂದರೆ ಮಾವನವರು ಹಾಕುತ್ತಿದ್ದ ಕಡೆಗೇ ಇವರು, ಇವರು ಹೇಳಿದ ಕಡೆಗೇ ನಾನು. ಯುಗಾದಿಗೆ ಬಂದ ಆ ಹುಡುಗಿ ಹೋಳಿಗೆ ತಿನ್ನುತ್ತಾ ಕೇಳಿದಳು: "ಅಂಕಲ್, ಯಾವಾಗ್ಲೂ ಅವ್ರಿಗೇ ಯಾಕೆ ಹಾಕ್ತೀರಾ?"

"ನಮ್ಮಪ್ಪ ಅವ್ರಿಗೇ ಹಾಕ್ತಿದ್ರಮ್ಮ."

"ನಿಮ್ಮಪ್ಪ ಎತ್ತಿನ ಗಾಡೀಲಿ ಓಡಾಡ್ತಿದ್ರು. ನೀವ್ಯಾಕೆ ಬೈಕ್ ತಗೊಂಡ್ರಿ?"

ಯಜಮಾನರಿಗೆ ಎದುರು ಮಾತಾಡುವವರೇ ಇರಲಿಲ್ಲ ಈ ಮನೆಯಲ್ಲಿ. ಮೊದಲು ಕಣ್ಣು ಕೆಂಪಗೆ ಮಾಡಿದರು, ಆಮೇಲೆ ನಕ್ಕರು. ಅಲ್ಲಿಂದ ಪೇಪರ್ ಓದಿ ಅವಳು ಬರುವ ಭಾನುವಾರಕ್ಕೆ ಕಾಯತೊಡಗಿದರು. ಇಬ್ಬರಿಗೂ ಒಂದೇ ಒಂದು ವಿಷಯದಲ್ಲೂ ಹೊಂದಾಣಿಕೆ ಇರಲಿಲ್ಲ, ಅದೇ ಅವರಿಗೆ ಹಬ್ಬ.

ಇಂಥ ಜೋಡಿಗಳ ಮದುವೆಯ ಬಗ್ಗೆ ದೊಡ್ಡ ಕೋರ್ಟು ತೀರ್ಪು ಕೊಟ್ಟ ದಿನ ನಾನು ಅವರ ಮನೆಯಲ್ಲೇ ಇದ್ದೆ. ಇಬ್ಬರೂ ರಜೆ ಹಾಕಿ ಒಂದೇ ಮೊಬೈಲಿನ ಮುಂದೆ ಕೂತಿದ್ದರು. ನನಗೆ ಆ ಇಂಗ್ಲಿಷ್ ಅರ್ಥವಾಗಲಿಲ್ಲ. ಮಕ್ಕಳ ಮುಖ ಅರ್ಥವಾಯಿತು.

"ಏನಂತೆ?" ಎಂದೆ.

"ಕೋರ್ಟಿಂದ ಆಗಲ್ವಂತಮ್ಮ. ಪಾರ್ಲಿಮೆಂಟ್ ಕಾನೂನು ಮಾಡ್ಬೇಕಂತೆ," ಎಂದಳು ಮಗಳು. ಹಾಕಿದ ಅನ್ನ ತಟ್ಟೆಯಲ್ಲೇ ಆರಿತು. ನನಗೆ ಕೆಟ್ಟ ಕೋಪ ಬಂತು. ಯಾರ ಮೇಲೆ ಎಂದು ತಿಳಿಯದ ಕೋಪ. ಹದಿನೇಳು ತುಂಬುವ ಮೊದಲೇ, ಮುಖ ಕೂಡ ನೋಡದ ಗಂಡಸಿಗೆ ನನ್ನನ್ನು ಕಟ್ಟಿದಾಗ ಯಾರೂ ಇಷ್ಟು ದಿನ ಕೂತು ವಿಚಾರ ಮಾಡಿರಲಿಲ್ಲ.

ಅದಾದ ಮೇಲೆ ಬಂದ ಪಾರ್ಲಿಮೆಂಟು ಚುನಾವಣೆಗೆ ವೋಟು ಕೇಳಿಕೊಂಡು ಊರ ಮುಖಂಡರೊಬ್ಬರು ನಮ್ಮ ಜಗುಲಿಗೆ ಬಂದರು. ನಾನು ನೀರು ಕೊಟ್ಟು ಕೇಳಿಯೇಬಿಟ್ಟೆ: "ನಮ್ಮ ಹುಡುಗೀರ ಮದುವೆಗೆ ಅಲ್ಲಿ ಏನಾದ್ರೂ ಮಾಡ್ತೀರಾ?"

"ಸಹಾಯಧನ ತಾನೇನಮ್ಮ? ಅರ್ಜಿ ಕೊಡು, ಮಾಡ್ಸಣ."

"ಸಹಾಯಧನ ಬೇಡಪ್ಪ. ಹುಡುಗಿ ಹುಡುಗೀನ ಮದುವೆ ಆಗೋದಕ್ಕೆ ಕಾನೂನು."

ಅವರು ಆ ಲೋಟದ ನೀರನ್ನು ಗುಟುಕು ಗುಟುಕಾಗಿ ಕುಡಿದಷ್ಟು ನಿಧಾನವಾಗಿ ಯಾರೂ ಕುಡಿದದ್ದನ್ನು ನಾನು ಕಂಡಿಲ್ಲ. "ಮೇಲಿನೋರಿಗೆ ತಿಳಿಸ್ತೀನಿ," ಎಂದು ಎದ್ದು ಹೋದರು. ಮೇಲಿನವರಿಗೆ ತಿಳಿಯಿತೋ ಇಲ್ಲವೋ, ಸಂಜೆಯೊಳಗೆ ಊರಿಗೆಲ್ಲ ತಿಳಿಯಿತು. ಯಜಮಾನರು ತಲೆ ಮೇಲೆ ಕೈ ಹೊತ್ತು ಕೂತರು. "ಇನ್ನೇನು ಮುಚ್ಚಿಡೋದು, ಬಿಡು," ಎಂದರು ಕೊನೆಗೆ. ಆ ಸಲ ಮೊದಲ ಬಾರಿಗೆ ನನ್ನ ಮನಸ್ಸಿಗೆ ಬಂದವರಿಗೆ ವೋಟು ಹಾಕಿ ಬಂದೆ. ಯಾರಿಗೆಂದು ಇವತ್ತಿಗೂ ಅವರಿಗೆ ಹೇಳಿಲ್ಲ.

ಮುಚ್ಚಿಡುವುದೇನೂ ಉಳಿಯದ ಮೇಲೆ ನನ್ನ ಹಳೆಯ ಆಸೆ ಎದ್ದು ಕೂತಿತು. ಬೀಗರ ಊಟ ಹಾಕೋಣ ಎಂದೆ.

"ಮದುವೆನೇ ಆಗ್ದೆ ಬೀಗರೂಟ ಹೆಂಗಮ್ಮ?" ಎಂದಳು ಮಗಳು.

"ಮದುವೆಗೆ ತಾನೇ ಕಾನೂನು ಬೇಕು? ಉಣ್ಣಕ್ಕೆ ಯಾವ ಕೋರ್ಟ್ ಅಡ್ಡ ಬರುತ್ತೆ?"

ಆ ಹುಡುಗಿ ಬಿದ್ದು ಬಿದ್ದು ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ, "ಆಂಟಿ, ನಮ್ಮಮ್ಮ ಬರಲ್ಲ," ಎಂದಳು. ಅವಳ ಮನೆಯವರು ಎರಡು ವರ್ಷದಿಂದ ಅವಳ ಜೊತೆ ಮಾತು ಬಿಟ್ಟಿದ್ದರು. ಅವಳು ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಇಷ್ಟು ದಿನ ಯುಗಾದಿಗೆ, ಭಾನುವಾರಕ್ಕೆ ನಮ್ಮ ಮನೆಗೆ ಅವಳು ಓಡಿ ಬರುತ್ತಿದ್ದದ್ದು ಯಾಕೆಂದು ನನಗೆ ಆಗ ಹೊಳೆಯಿತು. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ, ಬೀಗಿತ್ತಿ ಬೇಕೆಂದು ಕುಣಿಯುತ್ತಿದ್ದ ನಾನು ಅವಳಿಗೆ ಅಮ್ಮ ಬೇಕಿತ್ತೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಅವಳ ಅಮ್ಮನನ್ನು ಕರೆಯಲು ನಾನೇ ಹೋದೆ, ಯಾರಿಗೂ ಹೇಳದೆ. ಚಿಕ್ಕಬಳ್ಳಾಪುರದಲ್ಲಿ ಬಸ್ಸು ಬದಲಿಸಿ ಅವಳ ಊರು ತೊಂಡೇಬಾವಿಯಲ್ಲಿ ಇಳಿದು, ರೈಲ್ವೆ ಸ್ಟೇಷನ್ನಿನ ಕಡೆ ಅವರ ಮನೆ ಕೇಳಿಕೊಂಡು ಹೋದೆ. ಬಾಗಿಲಿಗೆ ಬಂದಾಕೆ ಎತ್ತರದ ಹೆಂಗಸು, ಆ ಹುಡುಗಿಯದ್ದೇ ಹುಬ್ಬು. "ಚಿಕ್ಕಬಳ್ಳಾಪುರದಲ್ಲಿ ನಿಮ್ಮ ಮಗಳ ಜೊತೆ ಇರೋ ಹುಡುಗಿ ತಾಯಿ ನಾನು, ಚಿಂತಾಮಣಿ ಕಡೆಯಿಂದ ಬಂದಿದ್ದೀನಿ," ಎಂದೆ. ಆಕೆ ತಿರುಗಿ ಒಳಗೆ ನೋಡಿದಳು. ಒಳಗೆ ಅವಳ ಗಂಡ ಮಲಗಿದ್ದ. ಅಷ್ಟರಲ್ಲಿ ಪಕ್ಕದ ಮನೆಯವಳು ಹೆಪ್ಪಿಗೆ ಮೊಸರು ಕೇಳಲು ಬಂದಳು.

"ಚಿಂತಾಮಣಿ ಕಡೆಯೋರು. ಹಸು ನೋಡಕ್ಕೆ ಬಂದವ್ರೆ," ಎಂದಳು ಈಕೆ ಒಂದೇ ಉಸಿರಿಗೆ.

ಸರಿ, ನೋಡಿದೆ. ಕೊಟ್ಟಿಗೆಗೆ ಹೋಗಿ ಆ ಹಸುವಿನ ಹಲ್ಲು ನೋಡಿದೆ, ಕೆಚ್ಚಲು ನೋಡಿದೆ, ಎಷ್ಟನೇ ಸೂಲು ಎಂದು ಕೇಳಿದೆ. ಪಕ್ಕದ ಮನೆಯವಳೂ ನಿಂತು ನೋಡಿ, "ಒಳ್ಳೇ ಹಸು ಕಣಕ್ಕ, ಬಿಡ್ಬೇಡ," ಎಂದು ಬುದ್ಧಿ ಹೇಳಿ ಹೋದಳು. ಅವಳು ಮರೆಯಾದ ಮೇಲೆ ಕೊಟ್ಟಿಗೆಯಲ್ಲಿ ನಾವಿಬ್ಬರೇ. ನಾನು ಕುಂಕುಮದ ಭರಣಿ ತೆಗೆದು ಭಾನುವಾರದ ಊಟಕ್ಕೆ ಕರೆದೆ. ಕುಂಕುಮಕ್ಕೆ ಬೇಡ ಅನ್ನಲಾಗದೆ ಹಚ್ಚಿಕೊಂಡಳು.

"ಬರಕ್ಕಾಗಲ್ಲ ಕಣಕ್ಕ. ಅವ್ಳ ಹತ್ರ ಮಾತಾಡಲ್ಲ ಅಂತ ಇವ್ರು ನನ್ನ ಕೈಲಿ ದೇವರ ಮುಂದೆ ಆಣೆ ಮಾಡಿಸ್ಕೊಂಡವ್ರೆ."

ನನ್ನ ನಂಬರು ಬರೆದುಕೊಟ್ಟು ಹೊರಟೆ. ರಸ್ತೆಯ ತನಕ ಹಿಂದೆ ಬಂದು ಕೇಳಿದಳು: "ಚಳೀಲೂ ತಣ್ಣೀರಲ್ಲೇ ತಲೆಗೆ ಹಾಕ್ಕೊಂತಾಳಾ?"

"ಹಾಕ್ಕೊಂತಾಳೆ. ನಾನು ಬೈತೀನಿ."

"ಬೈಯ್ರಿ," ಎಂದಳು. "ಚೆನ್ನಾಗಿ ಬೈಯ್ರಿ."

ಭಾನುವಾರ ಊಟ ಆಯಿತು. ಯಜಮಾನರ ಅಣ್ಣನ ಮನೆಯಿಂದ ಹಿರಿಯರು ಯಾರೂ ಬರಲಿಲ್ಲ. ಅವರ ಮಕ್ಕಳು ಮಾತ್ರ ಬಂದು, ಉಂಡು, ಇಬ್ಬರ ಜೊತೆ ಸೆಲ್ಫಿ ತೆಗೆದುಕೊಂಡು ಹೋದರು. ಆ ಹುಡುಗಿ ಬೆಳಗ್ಗೆಯಿಂದ ರೇಷ್ಮೆ ಸೀರೆ ಉಟ್ಟು ನಗುನಗುತ್ತಾ ಬಡಿಸುತ್ತಿದ್ದಳು, ರಸ್ತೆಯಲ್ಲಿ ಆಟೋ ಸದ್ದಾದರೆ ಸೌಟು ಹಾಗೇ ನಿಲ್ಲುತ್ತಿತ್ತು. ಜೊತೆಯ ಹೆಂಗಸರು ಹಾಡು ಎಂದು ಪೀಡಿಸಿದರು. ಯಾರನ್ನು ನೋಡಿ ಹಾಡಲಿ? "ನನ್ನೇ ಆಡ್ಕೊಳ್ಳಿ ಆಂಟಿ," ಎಂದು ಅವಳೇ ಬಂದು ಎದುರಿಗೆ ಕೂತಳು. ಒಂದು ಸಾಲು ಎತ್ತಿದೆ. ಎರಡನೆಯದನ್ನು ಬಿಟ್ಟು, ಅವಳ ಮುಂದೆ ಎಲೆ ಹಾಕಿ ಮುದ್ದೆ ಬಡಿಸಿದೆ.

ವಾರ ಕಳೆದ ಮೇಲೆ ಒಂದು ಮಧ್ಯಾಹ್ನ ತೊಂಡೇಬಾವಿಯಿಂದ ಫೋನು ಬಂತು. ಗಂಡ ಹೊಲಕ್ಕೆ ಹೋಗಿದ್ದಾಗ ಕೊಟ್ಟಿಗೆಯಿಂದ ಮಾಡಿದ್ದಳು. ಹಸು ಅಂಬಾ ಎಂದು ಕೂಗುವುದೂ ಕೇಳಿಸುತ್ತಿತ್ತು. ಮಳೆ, ಮೇವು, ಮಂಡಿನೋವು ಎಲ್ಲ ಆದ ಮೇಲೆ, "ಅವ್ಳು ಹೆಂಗವ್ಳೆ?" ಎಂದಳು. ಆಮೇಲೆ ಅದು ವಾರಕ್ಕೊಮ್ಮೆ ಆಯಿತು. ನಾನು ಎಲ್ಲ ಹೇಳುತ್ತಿದ್ದೆ. ಜ್ವರ ಬಂದದ್ದು, ಹೊಸದಾಗಿ ಸ್ಕೂಟರು ಕಲಿತದ್ದು, ಯಜಮಾನರ ಜೊತೆ ಜಗಳವಾಡಿ ಗೆದ್ದದ್ದು. ಮಗಳ ಹೆಸರನ್ನು ಆಕೆ ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ಸಲ ಮಾತಾಡಿಬಿಡಿ ಎಂದರೆ, "ದೇವರ ಮುಂದೆ ಮಾಡಿರೋ ಆಣೆ ಅಕ್ಕ," ಎನ್ನುತ್ತಿದ್ದಳು. ಫೋನಿನ ವಿಷಯ ಹುಡುಗಿಗೆ ತಿಳಿಸಿದಾಗ ಅವಳು ಅಳಲಿಲ್ಲ, ಮೊದಲು ಸಿಟ್ಟಾದಳು. ಆಮೇಲೆ ಪ್ರತಿ ವಾರ, "ಏನಂದ್ಲು?" ಎಂದು ಕೇಳತೊಡಗಿದಳು. ಎರಡೂ ಕಡೆಯ ಪ್ರಶ್ನೆ ಕೇಳಿಸಿಕೊಂಡು, ಇಬ್ಬರ ನಡುವೆ ಕೂತು, ಕೆಲವು ಸಲ ನನಗೇ ಅಳು ಬರುತ್ತಿತ್ತು.

ಹೋದ ತಿಂಗಳು ಕಾಲೇಜಿಗೆ ರಜೆ ಇತ್ತು. ಹುಡುಗಿ ನಮ್ಮ ಮನೆಯಲ್ಲಿ ನನ್ನ ಪಕ್ಕದಲ್ಲೇ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಫೋನು ಬಂತು. ನನ್ನ ಕೈಯೆಲ್ಲ ಅಂಟಾಗಿದ್ದರಿಂದ ಅವಳೇ ಕಿರುಬೆರಳಲ್ಲಿ ಒತ್ತಿ ಸ್ಪೀಕರಿಗೆ ಹಾಕಿದಳು.

"ಅವ್ಳು ಇಲ್ಲೇ ಅವ್ಳೆ. ಕೇಳಿಸ್ಕೊಂತಾವ್ಳೆ," ಎಂದೆ. ಮೋಸ ಮಾಡಲು ಮನಸ್ಸಾಗಲಿಲ್ಲ.

ಆ ಕಡೆಯಾಕೆ ಫೋನು ಇಟ್ಟುಬಿಟ್ಟಳು ಎಂದುಕೊಂಡೆ. ಇಟ್ಟಿರಲಿಲ್ಲ.

"ಬೀಗಿತ್ತಿ," ಎಂದಳು. ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. "ನನ್ನ ಮಗಳ ಹತ್ರ ಮಾತಾಡಲ್ಲ ಅಂತ ಆಣೆ ಮಾಡಿದ್ದೀನಿ. ನಿಮ್ಮ ಸೊಸೆ ಹತ್ರ ಮಾತಾಡಲ್ಲ ಅಂತ ಮಾಡಿಲ್ಲ. ನಿಮ್ಮ ಸೊಸೆ ಕೈಗೆ ಒಂಚೂರು ಫೋನ್ ಕೊಡಿ."

ಹುಡುಗಿ ಸೆರಗಿಲ್ಲದ ಚೂಡಿದಾರಕ್ಕೇ ಕೈ ಒರೆಸಿಕೊಂಡಳು. ಬರುತ್ತಿದ್ದ ಒಂದು ಮಾತನ್ನು ನುಂಗಿಕೊಂಡದ್ದು ನನಗೆ ಕಂಡಿತು. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಹಲೋ," ಎಂದಳು. "ಚಿಂತಾಮಣಿ ಬೀಗರ ಮನೆ ಸೊಸೆ ಮಾತಾಡ್ತಿರೋದು."