ಕ್ಲಚ್ ಅಕ್ಕನ ಮೂರು ಸಿಲಿಂಡರು

ಬಿಸಿಲು ಇನ್ನೂ ಗೋಡೆಯಿಂದ ಅಂಗಳಕ್ಕೆ ಇಳಿದಿಲ್ಲ. ಬಿಳಿ ಬಣ್ಣದ ಪುಟ್ಟ ಕಾರಿನ ಬಾನೆಟ್ ಆಗಲೇ ಬಾಯಿ ತೆರೆದಿದೆ. ಅದರೊಳಗೆ ಬಗ್ಗಿರುವ ಹೆಂಗಸು ಎಣ್ಣೆ ನೋಡುವ ಕಡ್ಡಿ ಎಳೆದು, ಹಳೇ ಬನಿಯನ್ ತುಂಡಿನಿಂದ ಒರೆಸಿ, ಮತ್ತೆ ಅದ್ದಿ ಬೆಳಕಿಗೆ ಹಿಡಿಯುತ್ತಾರೆ. ಎಣ್ಣೆ ಎರಡು ಗೆರೆಗಳ ನಡುವೆ ಸರಿಯಾಗಿ ನಿಂತಿದೆ. ರೇಡಿಯೇಟರ್ ನೀರು, ಫ್ಯಾನ್ ಬೆಲ್ಟ್, ಬ್ಯಾಟರಿ ವೈರು ಎಲ್ಲವನ್ನೂ ನೋಡಿ ಕೀಲಿ ತಿರುಗಿಸುತ್ತಾರೆ. ಇಂಜಿನ್ ಶುರುವಾಗುತ್ತದೆ, ಚಳಿಜ್ವರ ಬಂದವರ ಹಾಗೆ ನಡುಗುತ್ತದೆ, ನಿಂತೇಹೋಗುತ್ತದೆ.

"ನಿನ್ನೆ ಸಂಜೆ ಚೆನ್ನಾಗೇ ಇತ್ತಲ್ಲ ಇದು," ಎಂದು ಅವರು ಹುಬ್ಬು ಗಂಟಿಕ್ಕುತ್ತಾರೆ.

ಭಾನುವಾರದ ಪೇಪರಿಗೆ ಬರೆಯಲೆಂದು ನಾನು ನೋಡಲು ಬಂದಿರುವ ಇವರು ಕಾರು ಓಡಿಸುವುದನ್ನು ಕಲಿಸುತ್ತಾರೆ. "ಕ್ಲಚ್ ಬಿಡಿ, ಮೆಲ್ಲಗೆ ಬಿಡಿ" ಎಂದು ದಿನವಿಡೀ ಹೇಳಿ ಹೇಳಿ ಬಡಾವಣೆಗೆಲ್ಲ ಕ್ಲಚ್ ಅಕ್ಕ ಆಗಿದ್ದಾರೆ. ದಿನಕ್ಕೆ ಎಂಟು ಜನ ಶಿಷ್ಯರು, ಕಾರು ಒಂದೇ. ಕಾರಿನ ವಯಸ್ಸು ಕೆಲವು ಶಿಷ್ಯರ ವಯಸ್ಸಿಗಿಂತ ಹೆಚ್ಚು. ಎಂಟುನೂರು ಸಿಸಿಯ ಪೆಟ್ರೋಲ್ ಇಂಜಿನ್, ಮೂರೇ ಸಿಲಿಂಡರ್, ನಾಲ್ಕೇ ಗೇರ್. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅನ್ನುತ್ತಾರಲ್ಲ, ಹಾಗೆ.

ಇವತ್ತು ಅದು ನಡುಗುವಂತಿಲ್ಲ. ಇವತ್ತು ಅಕ್ಕನ ಅತ್ತೆಯ ಡ್ರೈವಿಂಗ್ ಪರೀಕ್ಷೆ.

ಅತ್ತೆಗೆ ಅರವತ್ತೊಂದು. ಎರಡು ಸಲ ಪರೀಕ್ಷೆಗೆ ಹೋಗಿ, ಎರಡು ಸಲವೂ ಏರಿನಲ್ಲೇ ಇಂಜಿನ್ ನಿಲ್ಲಿಸಿಕೊಂಡು ಬಂದಿದ್ದಾರೆ. ಕಲಿಕೆಯ ಪರವಾನಗಿ ಈ ವಾರ ಮುಗಿಯುತ್ತದೆ. ಇವತ್ತೂ ಕೈತಪ್ಪಿದರೆ ಎಲ್ಲವನ್ನೂ ಮೊದಲಿನಿಂದ ಶುರುಮಾಡಬೇಕು. ಹಟ ಹಿಡಿಯಲು ಕಾರಣವಿದೆ. ಮಾವ ದರ್ಜಿ, ಈ ಕಾರು ಅವರದೇ. ಕಣ್ಣು ಮಂಜಾದ ಮೇಲೆ ಅಂಗಡಿ ಮುಚ್ಚಿ, ಕಾರಿನ ಕೀಲಿ ಸೊಸೆಗೆ ಕೊಟ್ಟು ಮನೆಯಲ್ಲೇ ಕೂತರು. "ಮೂವತ್ತು ವರ್ಷ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು ಊರೆಲ್ಲ ಸುತ್ತಿಸಿದ್ರು. ಈಗ ಸೊಸೆಗೆ ಬಿಡುವಿಲ್ಲ ಅಂತ ನೆರೆಮನೆಯವರನ್ನ ಕೇಳಿ ಹೊರಗೆ ಹೋಗ್ಬೇಕಂತೆ. ನಾನಿಲ್ವಾ?" ಎನ್ನುತ್ತಾರೆ ಅತ್ತೆ.

ತಮಾಷೆಯೆಂದರೆ, ಸೊಸೆ ಮೊದಲು ಸ್ಟೀರಿಂಗ್ ಹಿಡಿದಾಗ "ಹೆಂಗಸರಿಗ್ಯಾಕೆ ಇದೆಲ್ಲ" ಎಂದವರೂ ಇದೇ ಅತ್ತೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ.

ಕಲಿಸಲು ಶುರುಮಾಡಿದ ಮೊದಲ ವರ್ಷ ಸೊಸೆಗೆ ಹೂವಿನ ಹಾಸಿಗೆಯೇನೂ ಆಗಿರಲಿಲ್ಲ. ಬೇಸಿಗೆಯಲ್ಲಿ ಒಂದು ದಿನ ರೇಡಿಯೇಟರ್ ನೀರು ನೋಡಲು ಮರೆತರು. ನಡುರಸ್ತೆಯಲ್ಲಿ ಹೊಗೆ ಎದ್ದಿತು, ಇಂಜಿನ್ನಿನ ಎರಡು ಭಾಗಗಳ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಸುಟ್ಟುಹೋಯಿತು. ಕಾರಿಲ್ಲದ ಮೇಷ್ಟ್ರನ್ನು ಬಿಟ್ಟು ಶಿಷ್ಯರೂ ಹೋದರು. ಮೆಕ್ಯಾನಿಕ್ ಇಂಜಿನ್ ಬಿಚ್ಚಿದ ಅಷ್ಟೂ ದಿನ ಇವರು ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಕೇಳಿದ್ದನ್ನೇ ಕೇಳಿ ಅವನ ತಲೆ ತಿಂದರು. ಆಮೇಲೆ ಆ ಇಂಜಿನ್ ಬಿಚ್ಚುವ ಪ್ರಸಂಗವೇ ಬಂದಿಲ್ಲ.

"ಕಲಿಯೋರ ಕೈಲಿ ಇಂಜಿನ್ನಿಗೆ ಹಿಂಸೆ ಜಾಸ್ತಿ," ಎನ್ನುತ್ತಾರೆ ಅಕ್ಕ. "ಯಾವಾಗ್ಲೂ ಒಂದನೇ ಗೇರು, ಅರ್ಧ ಕ್ಲಚ್ಚು. ಅದಕ್ಕೇ ಬೇರೆಯವರು ಐದು ಸಾವಿರ ಕಿಲೋಮೀಟರಿಗೆ ಎಣ್ಣೆ ಬದಲಾಯಿಸಿದ್ರೆ ನಾನು ಮೂರಕ್ಕೇ ಬದಲಾಯಿಸ್ತೀನಿ. ಏರ್ ಫಿಲ್ಟರ್ ವಾರಕ್ಕೊಂದ್ಸಲ ಬಡಿದು ಧೂಳು ತೆಗೀತೀನಿ, ಪ್ಲಗ್ ಬಿಚ್ಚಿ ಉಜ್ತೀನಿ. ಕ್ಲಚ್ ಪ್ಲೇಟ್ ಮಾತ್ರ ವರ್ಷಕ್ಕೊಂದು ಹೋಗತ್ತೆ, ಅದು ಅದರ ಹಣೆಬರಹ. ಇಂಜಿನ್ ಬಡಪಾಯಿ. ಹೊತ್ತಿಗೆ ಸರಿಯಾಗಿ ಎಣ್ಣೆ, ನೀರು, ಗಾಳಿ ಕೊಟ್ರೆ ತಕರಾರು ಮಾಡಲ್ಲ."

ಈಗ ಮಾಡುತ್ತಿರುವ ತಕರಾರಿನ ಮೂಲ ಬೇಗನೆ ಸಿಗುತ್ತದೆ. ಬ್ಯಾಟರಿಯ ಪಕ್ಕದಲ್ಲಿ ತರಕಾರಿ ಹೆಚ್ಚುವ ಚಿಕ್ಕ ಚಾಕು ಬಿದ್ದಿದೆ. ಅಕ್ಕ ಅದನ್ನು ಎತ್ತಿ ನೋಡುವುದಕ್ಕೂ, ಮೆಟ್ಟಿಲ ಮೇಲೆ ಟೀ ಲೋಟ ಹಿಡಿದು ನಿಂತ ಅತ್ತೆ ಬಾಯಿ ಬಿಡುವುದಕ್ಕೂ ಸರಿಹೋಗುತ್ತದೆ.

"ನಾನಂತೂ ಆ ಕಡೆ ಹೋಗೇ ಇಲ್ಲಮ್ಮ."

ಯಾರೂ ಕೇಳಿಯೇ ಇರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುವುದು ಇದಕ್ಕೇ.

ಅತ್ತೆ ಒಳಗೆ ಹೋದ ಮೇಲೆ ಅಕ್ಕ ನನಗೆ ವಿವರಿಸುತ್ತಾರೆ. ಪೆಟ್ರೋಲಿಗೆ ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬುರೇಟರಿನಲ್ಲಿ ಎರಡು ಸ್ಕ್ರೂ ಇವೆ. ಒಂದು ಐಡ್ಲಿಂಗಿನದು, ಅಂದರೆ ಆಕ್ಸಿಲರೇಟರ್ ತುಳಿಯದಿದ್ದಾಗ ಇಂಜಿನ್ ಎಷ್ಟು ಜೋರಾಗಿ ಓಡಬೇಕೆಂದು ಹೇಳುವುದು. ಹೊಸ ಶಿಷ್ಯರಿಗೆ ಅದನ್ನು ಸ್ವಲ್ಪ ಏರಿಸಿಟ್ಟರೆ, ಕ್ಲಚ್ ಪಟಕ್ಕನೆ ಬಿಟ್ಟರೂ ಇಂಜಿನ್ ಅಷ್ಟು ಸುಲಭಕ್ಕೆ ನಿಲ್ಲುವುದಿಲ್ಲ. ಪರೀಕ್ಷೆಗೆ ವಾರವಿದೆ ಅನ್ನುವಾಗ ಅಕ್ಕ ಇಳಿಸಿಬಿಡುತ್ತಾರೆ. ಇದು ಮನೆಯಲ್ಲೇ ಇರುವ ಅತ್ತೆಗೆ ಗೊತ್ತಿಲ್ಲವೇ? ಏರಿಸಲೆಂದೇ ಚಾಕು ಹಿಡಿದು ಬಂದಿದ್ದಾರೆ. ತಿರುಗಿಸಿದ್ದು ಮಾತ್ರ ಪಕ್ಕದ ಸ್ಕ್ರೂ, ಪೆಟ್ರೋಲಿಗೂ ಗಾಳಿಗೂ ಹದ ಹಾಕುವಂಥದ್ದು.

ಅಕ್ಕ ನಗು ತಡೆದುಕೊಂಡು ಇಂಜಿನ್ ಮತ್ತೆ ಶುರುಮಾಡುತ್ತಾರೆ. ಸ್ಕ್ರೂವನ್ನು ಒಂದಿಷ್ಟು ಒಳಗೆ, ಒಂದಿಷ್ಟು ಹೊರಗೆ ತಿರುಗಿಸುತ್ತಾರೆ. ನಡುಕ ಹೋಗಿ ಸದ್ದು ಒಂದೇ ಸಮನಾಗುತ್ತದೆ.

"ಐಡ್ಲಿಂಗೂ ಚೂರು ಏರಿಸಬಹುದಲ್ಲ, ಇವತ್ತೊಂದು ದಿನ?" ಎಂದು ಕೇಳುತ್ತೇನೆ. ಮೆಟ್ಟಿಲ ಮೇಲೆ ಕಂಡ ಅತ್ತೆಯ ಮುಖ ನೆನೆದು ನನಗೇ ಕನಿಕರ ಬಂದಿದೆ.

"ಏರಿಸಬಹುದು. ಆದ್ರೆ ನಾಳೆ ಮಾವನ್ನ ಕೂರಿಸ್ಕೊಂಡು ಹೋಗೋವಾಗ, ಹಿಂದೆ ಲಾರಿ ಇದ್ದು ಏರಲ್ಲಿ ನಿಂತ್ರೆ? ಆಗ ಯಾವ ಸ್ಕ್ರೂ ತಿರುಗಿಸ್ತಾರೆ?" ಚಾಕು ಸೆರಗಿನಲ್ಲಿ ಮುಚ್ಚಿಕೊಂಡು ಅಡುಗೆಮನೆಯ ಕಡೆ ನಡೆಯುತ್ತಾರೆ. "ನಾನು ಸರಿಮಾಡಿದ್ದು ಅವರಿಗೆ ಹೇಳ್ಬೇಡಿ. ಧೈರ್ಯ ಹಾಗೇ ಇರ್ಲಿ."

ಪರೀಕ್ಷೆಯ ಮೈದಾನದಲ್ಲಿ ಬೇಲಿಯಾಚೆ ನಿಂತ ನಮಗೆ ಕಾಣುವುದು ಏರಿನ ನಡುವೆ ನಿಂತ ಬಿಳಿ ಕಾರು, ಒಳಗೆ ನೆಟ್ಟಗೆ ಕೂತ ಅತ್ತೆ. ಪರೀಕ್ಷಕರು ಕೈ ಬೀಸುತ್ತಾರೆ. ಕಾರು ಒಂದು ಗೇಣು ಹಿಂದಕ್ಕೆ ಜಾರುತ್ತದೆ. ಅಕ್ಕನ ಎಡಗಾಲು ತನಗೆ ತಾನೇ ನೆಲದಿಂದ ಮೆಲ್ಲಗೆ ಏಳುತ್ತದೆ, ಅಲ್ಲೇ ಕ್ಲಚ್ ಇದ್ದ ಹಾಗೆ. ನಮ್ಮ ಜೊತೆಗೇ ಬಂದಿರುವ ಮಾವ "ಏನಾಯ್ತು? ಏನಾಯ್ತು?" ಎಂದು ನನ್ನ ತೋಳು ಹಿಡಿದುಕೊಳ್ಳುತ್ತಾರೆ. ಇಂಜಿನ್ ಒಮ್ಮೆ ಗುರುಗುಟ್ಟಿ, ನಿಲ್ಲದೆ, ಕಾರನ್ನು ತುದಿಗೆ ಮುಟ್ಟಿಸುತ್ತದೆ. ನನಗೂ ಚಪ್ಪಾಳೆ ತಟ್ಟುವಷ್ಟು ಸಂತೋಷವಾಗುತ್ತದೆ.

ಮಧ್ಯಾಹ್ನದ ಹೊತ್ತಿಗೆ ಲೈಸೆನ್ಸ್ ಕೈಗೆ ಬರುತ್ತದೆ. ಹೊರಡುವ ಮುಂಚೆ ಅತ್ತೆ ನನ್ನನ್ನು ಪಕ್ಕಕ್ಕೆ ಕರೆದು ಗುಟ್ಟು ಹೇಳುತ್ತಾರೆ. "ನೋಡಿ, ಬೆಳಿಗ್ಗೆ ನಾನೇ ಒಂಚೂರು ರಿಪೇರಿ ಮಾಡಿದ್ದೆ. ಅದಕ್ಕೇ ನಿಲ್ಲಲಿಲ್ಲ. ಪಾಪ, ಅವಳಿಗೆ ಗೊತ್ತಾಗೋದು ಬೇಡ."

ಮನೆಗೆ ಮರಳುವಾಗ ಸ್ಟೀರಿಂಗ್ ಅತ್ತೆಯ ಕೈಯಲ್ಲಿ. ಪಕ್ಕದಲ್ಲಿ ಮಾವ ಕಿಟಕಿ ಇಳಿಸಿ, ಮೊಣಕೈ ಹೊರಗಿಟ್ಟು ರಾಜನ ಹಾಗೆ ಕೂತಿದ್ದಾರೆ. ಹಿಂದಿನ ಸೀಟಿನಲ್ಲಿ ನಾನು ಮತ್ತು ಕ್ಲಚ್ ಅಕ್ಕ. ಇಷ್ಟು ವರ್ಷದಲ್ಲಿ ತಮ್ಮದೇ ಕಾರಿನ ಹಿಂದಿನ ಸೀಟಿನಲ್ಲಿ ಕೂತದ್ದು ಇದೇ ಮೊದಲಂತೆ; ಕಾಲು ಎಲ್ಲಿಡಬೇಕೆಂದೇ ತಿಳಿಯುತ್ತಿಲ್ಲ ಅವರಿಗೆ.

ಬೆಳಗಿನ ಚಾಕುವಿನ ಕಥೆಯನ್ನು ಏನು ಮಾಡಲಿ, ಬಿಟ್ಟುಬಿಡಲೇ ಎಂದು ಮೆಲುದನಿಯಲ್ಲಿ ಕೇಳುತ್ತೇನೆ.

"ಬೇಡ, ಬರೀರಿ," ಎನ್ನುತ್ತಾರೆ ಅವರು, ಮುಂದಿನ ಸೀಟಿಗೆ ಕೇಳದ ಹಾಗೆ. "ಭಾನುವಾರ ಪೇಪರ್ ಓದಿ ಅವರಿಗೂ ಗೊತ್ತಾಗ್ಲಿ. ಏರು ಹತ್ತಿಸಿದ್ದು ಸ್ಕ್ರೂ ಅಲ್ಲ, ಅವರ ಕಾಲೇ ಅಂತ."