ಒಣಮೀನಿನ ಮೇಲೆ ಅಮ್ಮನ ಸ್ವರ

ಮಲ್ಪೆಯಲ್ಲಿ ಮೀನು ಒಣಗಿಸುವ ಜಾಗದಲ್ಲಿ ಕಂಬದಿಂದ ಕಂಬಕ್ಕೆ ಕಟ್ಟಿದ್ದ ವಿಡಿಯೊ ಕ್ಯಾಸೆಟ್ಟಿನ ಕಪ್ಪು ಟೇಪನ್ನು ನಾನು ಕೈಯಲ್ಲಿ ಹಿಡಿದು ನೋಡಿದೆ. "ಕಾಗೆಗೆ ಕಟ್ಟಿದ್ದು ಅಕ್ಕ. ಗಾಳಿ ಬಂದರೆ ಶಬ್ದ ಆಗ್ತದೆ, ಒಂದು ಕಾಗೆಯೂ ಹತ್ತಿರ ಬರುವುದಿಲ್ಲ" ಎಂದರು ಮೀನು ಮಗುಚುತ್ತಿದ್ದ ಹೆಂಗಸು.

ಹಿಂದೆ ಉಡುಪಿಯ ಕೇಬಲ್ ಟಿವಿಯಲ್ಲಿ ಹಳೆಯ ಸಿನಿಮಾಗಳಿಗೆ ತುಳು ಮಾತು ಕೂಡಿಸಿ ನಗಿಸುವ ಕಾರ್ಯಕ್ರಮವೊಂದಿತ್ತು. ಅದರ ರಾಣಿಯರಿಗೆಲ್ಲ ನನ್ನ ಅಮ್ಮನದೇ ಸ್ವರ. ಬಂಗುಡೆ ಮೀನಿಗೆ ಜಾಸ್ತಿ ದುಡ್ಡು ಕೊಟ್ಟು ಬಂದ ರಾಜನನ್ನು ಸಿಂಹಾಸನದಲ್ಲೇ ಬೈಯುತ್ತಿದ್ದಳು. ಶಾಲೆಯಲ್ಲಿ ಅಣಕಿಸುತ್ತಾರೆಂದು ಹಟ ಹಿಡಿದು ಅಮ್ಮನಿಂದ ಆ ಕೆಲಸ ಬಿಡಿಸಿದವಳು ನಾನೇ.

ಅಮ್ಮ ಹೋದ ಮೇಲೆ ಆ ಸ್ವರ ಬೇಕಾಯಿತು. ಕಾಪು, ಕಾರ್ಕಳ ಸುತ್ತಿ, ಕೊನೆಗೆ ಹಿರಿಯಡ್ಕದಲ್ಲಿ ಆ ಕೇಬಲ್ ನಡೆಸುತ್ತಿದ್ದವರನ್ನು ಹುಡುಕಿದೆ. "ಆ ಕಾರ್ಯಕ್ರಮದ ಕ್ಯಾಸೆಟ್ ಎಲ್ಲ ಮಲ್ಪೆಯ ಒಣಮೀನಿನವರಿಗೆ ಕೊಟ್ಟೆ. ಇಟ್ಟುಕೊಂಡು ಎಂತ ಮಾಡುವುದು ಮಾರಾಯ್ರೆ?" ಎಂದರು ಅವರು.

ಬಿಸಿಲಿಗೆ, ಉಪ್ಪುಗಾಳಿಗೆ ಟೇಪು ಸುಕ್ಕುಗಟ್ಟಿತ್ತು. ಊರನ್ನು ನಗಿಸಿದ ಸ್ವರ ಈಗ ಕಾಗೆ ಓಡಿಸುತ್ತಿದೆ. ನಾಳೆ ಅಮ್ಮನ ವರ್ಷದ ತಿಥಿ. ಬಾಳೆಲೆಯಲ್ಲಿ ಅನ್ನವಿಟ್ಟು ನಾನು ಕಾಗೆಯನ್ನು ಕರೆಯಬೇಕು.